ಒಂದಿಂಚು ಬಿಡದ ವಿಂಚು

ನಿವೃತ್ತಿಯಾದ ಮಾಸ್ತರನಿಗೆ ಎರಡು ಚಟ ಅಂಟಿಕೊಳ್ಳುತ್ತವೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಒಂದು, ಯಾರು ಸಿಕ್ಕರೂ ಪಾಠ ಮಾಡುವುದು. ಇನ್ನೊಂದು, ಯಾರೂ ಸಿಗದಿದ್ದರೆ ಮೊಬೈಲ್ ನೋಡುತ್ತ ಕೂರುವುದು. ಗೋಕಾಕದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ಮನೆಗೆ ಬಂದ ನನಗೆ ಎರಡೂ ಅಂಟಿದವು. ಮೊಬೈಲಿನಲ್ಲಿ ನಾನು ನೋಡುತ್ತಿದ್ದದ್ದು ಜೀಪುಗಳು ಕೆಸರಿನಲ್ಲಿ ಹೊರಳಾಡುವ ವಿಡಿಯೋ. ಅದಕ್ಕೆ ಆಫ್‌ರೋಡ್ ಅನ್ನುತ್ತಾರೆ. ಹೊಟ್ಟೆ ತುಂಬಿದವರು ರೊಕ್ಕ ಕೊಟ್ಟು, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಬೇಕೆಂದೇ ಕೆಸರಿಗೆ ಇಳಿಯುತ್ತಾರೆ. ನಮ್ಮ ಕಡೆ ಮಳೆಗಾಲದಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬೈಕ್ ಹೊಡೆಯುವವನು ದಿನಾ ಬೆಳಿಗ್ಗೆ ಮಾಡುವ ಕೆಲಸ ಅದು. ಅವನಿಗೆ ಯಾರೂ ಬಹುಮಾನದ ಒಂದು ಕಪ್ಪು ಕೊಟ್ಟದ್ದು ನಾನು ಕಂಡಿಲ್ಲ.

ಇಷ್ಟು ತಿಳಿದೂ ನಾನೊಂದು ಹಳೆಯ ಜೀಪು ಕೊಂಡೆ. ನಾಲ್ಕೂ ಗಾಲಿ ಎಳೆಯುವಂಥದ್ದು. ಹೊಲಕ್ಕೆ ಹೋಗಿಬರಲು ಬೇಕು ಎಂದು ಹೆಂಡತಿಗೆ ಹೇಳಿದೆ. ಮೇಲವಂಕಿ ದಾಟಿ ಕೌಜಲಗಿ ಕಡೆ ಹೋಗುವಾಗ ನಮ್ಮ ಅಪ್ಪನ ಹೊಲ ಬರುತ್ತದೆ. ಅದರಲ್ಲಿ ಅರ್ಧ ನನ್ನದು, ಅರ್ಧ ನಮ್ಮ ಅಣ್ಣನದು. ಎರೆಭೂಮಿ. ಬ್ಯಾಸಗಿಯಲ್ಲಿ ಕಾಲು ಹೋಗುವಷ್ಟು ಬಿರುಕು, ಮಳೆಯಲ್ಲಿ ಅಂಟು. ನನ್ನ ಹೊಲದ ಬಾಯಿಗೇ ಕಾಲುವೆಯ ನೀರು ಜಿನುಗಿ ನಿಲ್ಲುವ ಒಂದು ತಗ್ಗು ಇದೆ. ನಾಲ್ಕು ಮಳೆಗಾಲ, ನಾಲ್ಕು ಸಲ, ನನ್ನ ನಾಲ್ಕು ಗಾಲಿಯ ಜೀಪು ಅದೇ ತಗ್ಗಿನಲ್ಲಿ ಕೂತಿತು.

ಕೂತದ್ದು ದೊಡ್ಡದಲ್ಲ, ಎಬ್ಬಿಸಿದ್ದು ದೊಡ್ಡದು. ನಾಲ್ಕು ಸಲವೂ ಎಬ್ಬಿಸಿದ್ದು ನಮ್ಮ ಅಣ್ಣನ ಎತ್ತುಗಳು. ಊರೆಲ್ಲ ಟ್ರ್ಯಾಕ್ಟರ್ ಆದರೂ ಅಣ್ಣ ಇನ್ನೂ ಜೋಡೆತ್ತು ಸಾಕಿದ್ದಾನೆ. ನಾನು ಕರೆಯುತ್ತಿರಲಿಲ್ಲ. ಇಂಜಿನ್ ಒದರುವ ಸದ್ದು ಕೇಳಿ ಅವನೇ ಎತ್ತು ಹೊಡೆದುಕೊಂಡು ಬರುತ್ತಿದ್ದ, ಹಗ್ಗ ಕಟ್ಟುತ್ತಿದ್ದ, ಎಳೆಸುತ್ತಿದ್ದ, ಹಗ್ಗ ಬಿಚ್ಚಿಕೊಂಡು ಹೋಗುತ್ತಿದ್ದ. ಒಂದು ಮಾತಿಲ್ಲ. ನಾನು ಕಿಟಕಿಯ ಗಾಜು ಏರಿಸಿಕೊಂಡು, ಸ್ಟೇರಿಂಗ್ ಹಿಡಿದು, ನೇರ ಮುಂದೆ ನೋಡುತ್ತ ಕೂತಿರುತ್ತಿದ್ದೆ. ಎಂಟು ವರ್ಷದಿಂದ ನಮ್ಮಿಬ್ಬರ ಮಾತು ಬಂದಾಗಿತ್ತು. ಏನಾದರೂ ಹೇಳುವುದಿದ್ದರೆ ನನ್ನ ಹೆಂಡತಿಯ ಕೈಯಲ್ಲಿ ಹೇಳಿಕಳಿಸಬೇಕು.

ಮಾತು ನಿಂತದ್ದು ಒಂದು ಕಲ್ಲಿನಿಂದ. ಪಾಲು ಮಾಡಿದ ದಿನ ಅಪ್ಪ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಎರಡು ಹೊಲಗಳ ನಡುವೆ ಬಾಂದಗಲ್ಲು ನೆಟ್ಟಿದ್ದ. ನೆಡುವ ಮೊದಲು ಕುಣಿಯಲ್ಲಿ ಒಂದು ಬುಟ್ಟಿ ಇದ್ದಲಿ ಸುರಿದಿದ್ದ. ಹಳೆಯವರ ಪದ್ಧತಿ ಅದು. ಇದ್ದಲಿ ಕೊಳೆಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. "ಕಲ್ಲ ಯಾರರೆ ಸರಿಸಬಹುದು, ಇದ್ದಲಿ ಮರೀತಾರು. ತಂಟೆ ಬಂದ್ರ ಅಗದ ನೋಡ್ರಿ," ಅಂದಿದ್ದ. ಅಪ್ಪ ಹೋದ ಕೆಲವು ವರ್ಷಕ್ಕೆ ನಾನೊಮ್ಮೆ ಹೊಲಕ್ಕೆ ಹೋದಾಗ ಕಲ್ಲು ನನ್ನ ಬದಿಗೆ ಸರಿದಂತೆ ಕಂಡಿತು. ಕಂಡದ್ದೇ ತಡ, ಅಣ್ಣನ ಬಾಗಿಲಿಗೆ ಹೋಗಿ, "ನೀ ಹಿರ್ಯಾ ಇರಬಹುದು, ನಾ ಮಾತ್ರ ಒಂದಿಂಚ ಬಿಡಂಗಿಲ್ಲ," ಎಂದು ಕೂಗಾಡಿ ಬಂದೆ. ಮರುವರ್ಷ ಹೋಗಿ ಇನ್ನೊಮ್ಮೆ ಕೂಗಾಡಿದೆ. ಅಗೆದು ನೋಡಲಿಲ್ಲ, ಟೇಪ್ ಹಿಡಿದು ಅಳೆಯಲೂ ಇಲ್ಲ. ಮಕ್ಕಳಿಗೆ ಮೂವತ್ತು ವರ್ಷ "ಅಳೆದು ನೋಡಿ ಬರೀರಿ" ಎಂದು ಬೆತ್ತ ತೋರಿಸಿದವನು ನಾನೇ.

ಈಗ ತಿಳಿಯಿತಲ್ಲ, ನನಗೆ ವಿಂಚ್ ಯಾಕೆ ಬೇಕಾಯಿತು ಎಂದು. ಕಳ್ಳನ ಎತ್ತಿನಿಂದ ಎಳೆಸಿಕೊಳ್ಳುವ ಹಂಗು ಸಾಕಾಗಿತ್ತು.

ವಿಂಚ್ ಎಂದರೆ ಜೀಪಿನ ಮೂಗಿಗೆ ಕೂರಿಸುವ ರಾಟೆ. ಅದಕ್ಕೆ ಉಕ್ಕಿನ ಹಗ್ಗ ಸುತ್ತಿರುತ್ತದೆ, ತುದಿಗೆ ಕೊಕ್ಕೆ. ಜೀಪು ಹುಗಿದರೆ ಹಗ್ಗ ಬಿಚ್ಚಿ ಮುಂದಿನ ಯಾವುದಾದರೂ ಗಟ್ಟಿ ವಸ್ತುವಿಗೆ ಕಟ್ಟಬೇಕು; ರಾಟೆ ತಿರುಗಿ ಹಗ್ಗ ಸುತ್ತಿಕೊಳ್ಳುತ್ತದೆ, ಜೀಪು ತನ್ನನ್ನು ತಾನೇ ಎಳೆದುಕೊಂಡು ಹೊರಗೆ ಬರುತ್ತದೆ. ಯಾರ ಹಂಗೂ ಬೇಡ. ಬ್ಯಾಟರಿಯ ಮೇಲೆ ತಿರುಗುವಂಥವು ಸಿಗುತ್ತವೆ, ತಂದು ಬೋಲ್ಟ್ ಬಿಗಿದರೆ ಮುಗಿಯಿತು. ಆದರೆ ಎರಡು ಸಿರಿಂಜಿನಲ್ಲಿ ನೀರು ತುಂಬಿ, ನಡುವೆ ನಳಿಕೆ ಸಿಗಿಸಿ, ದ್ರವದ ಒತ್ತಡದ ಪಾಠ ಮಾಡಿದವನು ಬ್ಯಾಟರಿಗೆ ಕೈ ಒಡ್ಡುವುದೇ? ನನಗೆ ಎಣ್ಣೆಯ ಒತ್ತಡದಲ್ಲಿ ತಿರುಗುವ ಹೈಡ್ರಾಲಿಕ್ ವಿಂಚೇ ಬೇಕಿತ್ತು.

ಗೋಕಾಕದಲ್ಲಿ ನನ್ನ ಒಬ್ಬ ಹಳೆಯ ವಿದ್ಯಾರ್ಥಿಯ ಗ್ಯಾರೇಜಿದೆ. ಕಬ್ಬಿನ ಟ್ರೇಲರುಗಳನ್ನು ಎತ್ತಿ ಸುರಿಯುವ ಹೈಡ್ರಾಲಿಕ್ ಜಾಕು ರಿಪೇರಿ ಅವನ ಕಸುಬು. ತಲೆ ಅರ್ಧ ನೆರೆತಿದೆ. ನನ್ನ ವಿಷಯದಲ್ಲಿ, ಅದೂ ದ್ರವದ ಒತ್ತಡದ ಪ್ರಶ್ನೆಗೇ ತಪ್ಪು ಬರೆದು, ಎರಡು ಸಲ ನಪಾಸಾದವನು. ಈಗ ಸುತ್ತ ಹತ್ತು ಊರಿನ ಒತ್ತಡ ಅವನ ಕೈಯಲ್ಲಿದೆ. ನನ್ನ ಮಾತು ಕೇಳಿ ಅವನು ಕೈ ಒರೆಸಿಕೊಂಡ.

"ಸರ, ಕರೆಂಟಿಂದು ತಗೋರಿ, ಸಸ್ತಾ ಆಕ್ಕೈತಿ, ಹಗುರ ಐತಿ. ಇದು ಇಂಜಿನ್ ಚಾಲೂ ಇದ್ರ ಅಷ್ಟ ತಿರಗತೈತ್ರಿ."

"ಇಂಜಿನ್ ಯಾಕ ಬಂದ ಆಕ್ಕೈತಿ?"

"ನಿಮ್ಮ ಜೀಪ ನೋಡೇನ್ರಿ ಸರ, ಅದಕ್ಕ ಹೇಳಾಕತ್ತೇನಿ."

ನಾನು ಕಣ್ಣು ಕೆಂಪಗೆ ಮಾಡಿದೆ. ಹಳೆಯ ವಿದ್ಯಾರ್ಥಿಗಳ ಒಂದು ಸುಖ ಎಂದರೆ ಅವರು ಅದಕ್ಕೆ ಇನ್ನೂ ಹೆದರುತ್ತಾರೆ.

ವಿಂಚ್ ಸಿಕ್ಕಿದ್ದು ಹುಕ್ಕೇರಿಯಲ್ಲಿ, ಹಳೆಯ ಗಾಡಿಗಳನ್ನು ಬಿಚ್ಚಿ ಮಾರುವವನ ಹತ್ತಿರ. ಕೆಟ್ಟ ಲಾರಿಗಳನ್ನು ಎಳೆಯುವ ಯಾವುದೋ ಗಾಡಿಯಿಂದ ಕಳಚಿದ್ದಂತೆ. ಅವನು ಅದರ ಮೇಲೆ ಕೂತೇ ಊಟ ಮಾಡುತ್ತಿದ್ದ. "ಲಾರಿ ಎಳದದ್ರಿ ಇದು. ನಿಮ್ಮ ಜೀಪ ಇದಕ್ಕ ನಾಷ್ಟಾ," ಎಂದು ಎದ್ದು ನಿಂತ. ನಾಲ್ಕು ಜನ ಎತ್ತಿ ಜೀಪಿನ ಹಿಂದೆ ಹಾಕಿದರು. ಧುಪದಾಳ ಬರುವ ತನಕ ಜೀಪಿನ ಮೂತಿ ಆಕಾಶ ನೋಡುತ್ತಿತ್ತು. ಅಲ್ಲಿ ಚಹಾ ಕುಡಿಯಲು ನಿಂತಾಗ ಒಡ್ಡಿನ ಮೇಲಿಂದ ಬೀಳುವ ನೀರು ತೋರಿಸಿ, ಜೊತೆಗೆ ಬಂದಿದ್ದ ನನ್ನ ವಿದ್ಯಾರ್ಥಿಗೆ ಒತ್ತಡದ ಪಾಠ ಇನ್ನೊಮ್ಮೆ ಮಾಡಿದೆ. ಅವನು ಎರಡು ಕಪ್ಪು ಚಹಾ ಕುಡಿದು ಮುಗಿಸಿದ.

ಅದನ್ನು ಕೂರಿಸಲು ಮುಂದೆ ಒಂದು ದಪ್ಪ ತಗಡು ಬೇಕು. ಅದಕ್ಕೆ ಮೂಡಲಗಿಯ ವೆಲ್ಡಿಂಗ್ ಅಂಗಡಿಗೆ ಹೋದೆವು. ಅಂಗಡಿಯವನು ಟ್ರೇಲರಿನ ಚೌಕಟ್ಟು ಬೆಸೆಯುವುದರಲ್ಲಿ ಎತ್ತಿದ ಕೈ ಅಂತ ಹೆಸರು ಮಾಡಿದ ಹಿರಿಯ. ಕಿವಿ ಸ್ವಲ್ಪ ಮಂದ.

"ಜೀಪಿಗೆ ವಿಂಚ್ ಕೂಡಸ್ಬೇಕು," ಎಂದೆ.

"ಎಷ್ಟ ಇಂಚ್ರಿ?"

"ಇಂಚ ಅಲ್ರಿ, ವಿಂಚ್."

"ಅದ್ರೀ, ನಿಮ್ಮ ಇಂಚ ಎಷ್ಟ ಇಂಚಿಂದೈತಿ?"

ಹೀಗೆ ಕಾಲು ಗಂಟೆ ಹೋಯಿತು. ಕೊನೆಗೆ ವಿಂಚನ್ನೇ ಇಳಿಸಿ ಅವನ ಮುಂದೆ ಇಟ್ಟೆವು. ಅವನು ಅಡ್ಡಡ್ಡ ಉದ್ದುದ್ದ ಅಳೆದು, ತಗಡು ಕತ್ತರಿಸಿ, ತೂತು ಹೊಡೆದು, ಚಾಸಿಯ ಮುಂದಿನ ಎರಡೂ ತುದಿಗೆ ಬೆಸೆದು, "ಜೀಪ ಮುರೀಬಹುದು, ಇದು ಮುರಿಯಂಗಿಲ್ಲ," ಎಂದು ಆಶೀರ್ವಾದ ಮಾಡಿದ. ತಗಡು ಅಷ್ಟು ಅಗಲ ಬಂದಿತ್ತೆಂದರೆ ರೇಡಿಯೇಟರಿಗೆ ಗಾಳಿ ಹೋಗದೆ ಜೀಪು ಗೋಕಾಕಕ್ಕೆ ಬರುವಷ್ಟರಲ್ಲಿ ಮೂರು ಸಲ ಕುದಿಯಿತು. ಮರುದಿನ ಮತ್ತೆ ಮೂಡಲಗಿ. "ಇಂಚ ಸಣ್ಣದು ಮಾಡ್ಬೇಕ್ರಿ?" ಎಂದು ಕೇಳಿದ. ಅಂದಿನಿಂದ ಮನೆಯಲ್ಲೂ ಅದಕ್ಕೆ ಇಂಚು ಎಂದೇ ಹೆಸರಾಯಿತು. "ನಿಮ್ಮ ಇಂಚ ಊಟ ಮಾಡೇತ್ಯೋ ಇಲ್ಲೋ?" ಎಂದು ಹೆಂಡತಿ ಕೇಳುತ್ತಿದ್ದಳು.

ಉಳಿದ ಕೆಲಸ ಗೋಕಾಕದಲ್ಲಿ. ಇಂಜಿನ್ನಿನ ಪುಲ್ಲಿಗೆ ಬೆಲ್ಟ್ ಹಾಕಿ ಒಂದು ಪಂಪು, ಎಣ್ಣೆಗೆ ಒಂದು ಟಾಕಿ, ಪಂಪಿನಿಂದ ವಿಂಚಿಗೆ ದಪ್ಪ ದಪ್ಪ ಪೈಪು, ಎಣ್ಣೆ ಯಾವ ಕಡೆ ಹರಿಯಬೇಕೆಂದು ಹೇಳಲು ಸೀಟಿನ ಪಕ್ಕ ಒಂದು ಹಿಡಿಕೆ. ಮುಂದೆ ನೂಕಿದರೆ ಹಗ್ಗ ಸುತ್ತುತ್ತದೆ, ಹಿಂದೆ ಎಳೆದರೆ ಬಿಚ್ಚುತ್ತದೆ. ಮೊದಲ ಸಲ ಚಾಲೂ ಮಾಡಿದಾಗ ನಾನು ಬಗ್ಗಿ ನಿಂತು, ದ್ರವದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿರುತ್ತದೆ ಎಂದು ವಿವರಿಸುತ್ತಿದ್ದೆ. ಒಂದು ಪೈಪಿನ ಬಾಯಿ ಕಿತ್ತುಕೊಂಡಿತು. ನನ್ನ ಬಿಳಿ ಅಂಗಿಯ ಮೇಲೆ ಎಲ್ಲ ದಿಕ್ಕಿಗೂ ಸಮನಾಗಿ ಎಣ್ಣೆ ಬಿತ್ತು. ನನ್ನ ವಿದ್ಯಾರ್ಥಿ ಬೆನ್ನು ತಿರುಗಿಸಿ ನಿಂತ. ನಕ್ಕನೋ ಇಲ್ಲವೋ ಗೊತ್ತಾಗಲಿಲ್ಲ.

ಪೈಪು ಬದಲಿಸಿ, ಗ್ಯಾರೇಜಿನ ಅಂಗಳದಲ್ಲಿ ನಿಂತಿದ್ದ ಕಬ್ಬು ತುಂಬಿದ ಟ್ರೇಲರಿಗೆ ಕೊಕ್ಕೆ ಹಾಕಿ ನೋಡಿದೆವು. ಬ್ರೇಕ್ ಒತ್ತಿ ನಿಲ್ಲಿಸಿದ್ದ ನನ್ನ ಜೀಪು ಗಾಲಿ ತಿರುಗದೆಯೇ ಟ್ರೇಲರಿನ ಕಡೆ ಜಾರುತ್ತ ಹೋಯಿತು. ನನಗೆ ಕುಣಿಯಬೇಕೆನಿಸಿತು.

"ಒಂದ ಮಾತ ಸರ," ಎಂದ ನನ್ನ ವಿದ್ಯಾರ್ಥಿ. "ಇದಕ್ಕ ಜೀಪ ಯಾವುದು, ಗೂಟ ಯಾವುದು, ಏನೂ ತಿಳಿಯಂಗಿಲ್ರಿ. ಎರಡು ತುದಿಯೊಳಗ ಯಾವುದು ಸಡ್ಲ ಐತಿ, ಅದು ಬರತೈತಿ. ಕಟ್ಟೋವಾಗ ಗಟ್ಟಿ ನೋಡಿ ಕಟ್ರಿ."

ನಪಾಸಾದವನ ಬುದ್ಧಿಮಾತು ಎಂದು ನಾನು ತಲೆಯಾಡಿಸಿದೆ. ಮನೆಗೆ ತಂದಾಗ ಹೆಂಡತಿ ವಿಂಚಿಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಕಾಯಿ ಒಡೆದಳು. ಎತ್ತಿನ ಕೋಡಿಗೆ ಹಚ್ಚುವಂತೆ ಮುಂದಿನ ಎರಡು ಬೋಲ್ಟಿಗೆ ಬಣ್ಣವನ್ನೂ ಹಚ್ಚಿದಳು.

"ಎಳಿಯೂದು ಅಂದ ಮ್ಯಾಲ ಇದೂ ಎತ್ತನ ಆತು. ಸ್ವಾಮಾರ ಹೂಡಬ್ಯಾಡ್ರಿ ಮತ್ತ."

ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಎಷ್ಟೇ ಅವಸರವಿರಲಿ, ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅವಳ ಮಾತು ಕೇಳಿ ನನ್ನ ತಲೆಯಲ್ಲಿ ದೀಪ ಹತ್ತಿತು. ಸೋಮವಾರವೇ ಹೋಗಬೇಕು! ಅಣ್ಣ ಎತ್ತು ಹೊಡೆದುಕೊಂಡು ಬರುವ ಹಾಗಿಲ್ಲ. ಸುಮ್ಮನೆ ನಿಂತು ನನ್ನ ಜೀಪು ತಾನೇ ಎದ್ದು ಬರುವುದನ್ನು ಕಣ್ಣು ತುಂಬ ನೋಡಬೇಕು. ಮಳೆ ಬಿದ್ದ ಮೊದಲ ಸೋಮವಾರ ಹೆಂಡತಿಯನ್ನು ಕೂರಿಸಿಕೊಂಡು ಹೊರಟೆ. ಹಿಂದಿನ ನಾಲ್ಕು ವರ್ಷ ಜೀಪು ಹುಗಿಯಬಾರದೆಂದು ದೇವರಿಗೆ ಬೇಡಿಕೊಂಡಿದ್ದೆ. ಈ ಸಲ ಹುಗಿಯಲೆಂದೇ ಹೊರಟೆ.

ದೇವರು ಈ ಬೇಡಿಕೆಯನ್ನು ಬೇಗ ಕೇಳಿದ. ಜೀಪು ತಗ್ಗಿಗೆ ಇಳಿದು ಹೊಟ್ಟೆ ಮಟ್ಟ ಕೂತಿತು. ಅಣ್ಣ ತನ್ನ ಹೊಲದ ಬದುವಿನ ಮೇಲೆ ಕೂತು ಎತ್ತು ಮೇಯಿಸುತ್ತಿದ್ದ. ಹೆಂಡತಿ ತಡೆಯಲಾರದೆ ಕೂಗಿದಳು, "ಭಾವಾರ, ಮತ್ತ ಹುಗೀತ್ರಿ!"

"ಸ್ವಾಮಾರ ಐತೆವಾ," ಎಂದ ಅಣ್ಣ, ಕೂತಲ್ಲಿಂದಲೇ.

ನಾನು ಗತ್ತಿನಿಂದ ಇಳಿದೆ. ಹಗ್ಗ ಬಿಚ್ಚಿ ಕೊಕ್ಕೆ ಹಿಡಿದು ಮುಂದೆ ನೋಡಿದೆ. ವಿಡಿಯೋಗಳಲ್ಲಿ ಎಲ್ಲರೂ ಮರಕ್ಕೆ ಕಟ್ಟುತ್ತಾರೆ. ನಮ್ಮ ಎರೆಹೊಲದಲ್ಲಿ ಮರ ಎಲ್ಲಿದೆ? ಇದ್ದ ಒಂದು ಬೇವಿನ ಮರ ಅಣ್ಣನ ಕೊಟ್ಟಿಗೆಯ ಹತ್ತಿರ, ನನ್ನ ಹಗ್ಗಕ್ಕೆ ಎಟುಕದಷ್ಟು ದೂರ. ಮೂರು ಊರು ತಿರುಗಿ ವಿಂಚ್ ಕೂರಿಸಿದ ವಿಜ್ಞಾನಿಗೆ, ಅದನ್ನು ಎಲ್ಲಿ ಕಟ್ಟುವುದು ಎಂಬ ಒಂದು ಪ್ರಶ್ನೆ ಹೊಳೆದಿರಲಿಲ್ಲ. ಕಣ್ಣಳತೆಯಲ್ಲಿ ಗಟ್ಟಿಯಾಗಿ ನಿಂತಿದ್ದದ್ದು ಒಂದೇ. ಹದಿನೈದು ಹೆಜ್ಜೆ ಮುಂದೆ, ನಮ್ಮ ಅಪ್ಪ ನೆಟ್ಟ ಬಾಂದಗಲ್ಲು.

"ಬ್ಯಾಡ್ರಿ, ಅದಕ್ಕ ಕಟ್ಟಬ್ಯಾಡ್ರಿ," ಎಂದಳು ಹೆಂಡತಿ.

"ಅಪ್ಪ ಹುಗದ ಕಲ್ಲ ಅದು, ಭೂಮಿ ತಿರಗಿದ್ರೂ ಅಲಗಂಗಿಲ್ಲ," ಎಂದೆ.

ಉಕ್ಕಿನ ಹಗ್ಗ ಎರಡು ಸುತ್ತು ಸುತ್ತಿ ಕೊಕ್ಕೆ ಹಾಕಿದೆ. ಹತ್ತಿ ಕೂತು, ಇಂಜಿನ್ ಏರಿಸಿ, ಹಿಡಿಕೆ ಮುಂದೆ ನೂಕಿದೆ. ಹಗ್ಗ ಬಿಗಿಯಾಯಿತು. ಜೀಪು ಒಮ್ಮೆ ನಡುಗಿತು. ಅಣ್ಣ ಬದುವಿನ ಮೇಲೆ ಎದ್ದು ನಿಂತ. ನೋಡು, ಚೆನ್ನಾಗಿ ನೋಡು ಎಂದುಕೊಂಡೆ. ಆಗ ಬಾಂದಗಲ್ಲು ನನಗೆ ನಮಸ್ಕಾರ ಮಾಡುವಂತೆ ಮುಂದೆ ಬಾಗಿತು. ಇನ್ನಷ್ಟು ಬಾಗಿತು. ಆಮೇಲೆ ಬುಡಸಮೇತ ಎದ್ದು, ಅಡ್ಡ ಬಿದ್ದು, ಕೆಸರಿನಲ್ಲಿ ಹೊರಳುತ್ತ ಮೆಲ್ಲಗೆ ಜೀಪಿನ ಕಡೆ ಬರತೊಡಗಿತು. ಜೀಪು ಒಂದಿಂಚು ಅಲುಗಲಿಲ್ಲ.

"ನಿಲ್ಲಸ್ರಿ!" ಎಂದು ಹೆಂಡತಿ ನನ್ನ ಕೈ ಹೊಡೆದಳು. ಹಿಡಿಕೆ ಬಿಟ್ಟೆ.

ಇಳಿದು ಓಡಿದೆ. ಕಲ್ಲು ಎದ್ದ ಕುಣಿಯಲ್ಲಿ ಬಗ್ಗಿ ನೋಡಿದೆ. ಕೈ ಹಾಕಿ ತೋಡಿದೆ. ಮಣ್ಣು, ಬರೀ ಮಣ್ಣು. ಇದ್ದಲಿಯ ಚೂರೂ ಇರಲಿಲ್ಲ. ಜೀಪು ಮರೆತೆ, ಮಾನ ಮರೆತೆ. ಎಂಟು ವರ್ಷ ನಾನು ಹೇಳಿದ್ದು ಖರೆ ಆಗಿತ್ತು! ಕಲ್ಲು ಸರಿದಿತ್ತು! ಎಷ್ಟು ಖುಷಿಯಾಯಿತೆಂದರೆ, ಮಾತು ಬಿಟ್ಟದ್ದೂ ಮರೆತು ನೇರ ಅವನಿಗೇ ಕೂಗಿದೆ.

"ಅಣ್ಣಾ! ಇದ್ದಲಿ ಎಲ್ಲೈತಿ?"

ಅಣ್ಣ ಕೊಟ್ಟಿಗೆಗೆ ಹೋಗಿ ಸಲಿಕೆ ತಂದ. ಕಲ್ಲನ್ನು ನನ್ನ ಹೊಲದೊಳಗೆ ಒತ್ತಿದ್ದರೆ ಅಪ್ಪನ ಇದ್ದಲಿ ಅವನ ಹೊಲದ ಕಡೆ ಇರಬೇಕು. ಅವನು ಆ ಕಡೆ ಹೋಗಿ ಅಗೆಯುತ್ತಾನೆ, ತಲೆ ತಗ್ಗಿಸುತ್ತಾನೆ ಎಂದು ಸೊಂಟಕ್ಕೆ ಕೈ ಕೊಟ್ಟು ನಿಂತೆ. ಅವನು ನನ್ನ ಹೊಲಕ್ಕೆ ಇಳಿದ. ಕುಣಿಯಿಂದ ಮೊಳ ಹಾಕಿದ, ಒಂದು, ಎರಡು, ಮೂರು. ಅಲ್ಲಿ ನಾಲ್ಕು ಸಲಿಕೆ ಮಣ್ಣು ತೆಗೆದ. ಐದನೆಯದಕ್ಕೆ ಕರ್ರಗೆ ಇದ್ದಲಿ ಬಂತು.

ನನಗೆ ಕೂಡಲೇ ತಿಳಿಯಲಿಲ್ಲ. ಹೆಂಡತಿಗೆ ತಿಳಿಯಿತು. ಅವಳು ಬಾಯಿಗೆ ಸೆರಗು ಹಿಡಿದಳು.

"ನೀ ಬಂದು ಒಂದಿಂಚ ಬಿಡಂಗಿಲ್ಲ ಅಂದ್ಯಲ್ಲ," ಎಂದ ಅಣ್ಣ, ಸಲಿಕೆಯ ಮಣ್ಣು ಕೆರೆಯುತ್ತ. "ಅವತ್ತ ಕಲ್ಲ ಅಪ್ಪ ಇಟ್ಟಲ್ಲೇ ಇತ್ತು. ಅವ್ವ ಇನ್ನೂ ಇದ್ಲು, ಒಳಗ ಮಲಗಿದ್ಲು, ಎಲ್ಲಾ ಕೇಳಿಸ್ಕೊಂಡ್ಲು. ನೀ ಹೋದ ಮ್ಯಾಲ ಅತ್ತಳು. ಹೋಗ್ಲಿ ಅಂತ ಎತ್ತ ಕಟ್ಟಿ ನಾನ ಮೂರ ಮೊಳ ನನ್ನ ಕಡೆ ಸರಿಸಿ ಇಟ್ಟೆ. ಮರುವರ್ಷ ನೀ ಬಂದು ಮತ್ತ ಅದ ಅಂದಿ. ಇನ್ನ ಎಲ್ಲಿ ಸರಸೂದೋ ಅಂತ ಸುಮ್ನಾದೆ."

ಮೂರು ಮೊಳ ಎಂದರೆ ಐವತ್ನಾಲ್ಕು ಇಂಚು. ಲೆಕ್ಕ ತಾನಾಗಿಯೇ ತಲೆಯಲ್ಲಿ ಆಗಿಹೋಯಿತು. ಎಂಟು ವರ್ಷ ಅವನ ಮಣ್ಣಿನ ಜೋಳ ತಿಂದು ಅವನನ್ನೇ ಕಳ್ಳ ಅಂದಿದ್ದೆ. ನನಗೆ ಬಹಳ ನಾಚಿಕೆಯಾಯಿತು.

"ಅಪ್ಪ ಹುಗದಂಗ ಆಳ ಹುಗಿಯಾಕ ನನ್ನಿಂದ ಆಗ್ಲಿಲ್ಲ, ಸಡ್ಲ ಇತ್ತು," ಎಂದು ಅಣ್ಣ ಸೇರಿಸಿದ. "ಅದು ಅಪ್ಪ ಇಟ್ಟಲ್ಲೇ ಇದ್ದಿದ್ರ ನಿನ್ನ ಜೀಪ ಬರತಿತ್ತು."

ಸೋಮವಾರ ಸೋಮವಾರವೇ. ಅಣ್ಣ ಎತ್ತು ಹೂಡಲಿಲ್ಲ. ಜೀಪು ಅಲ್ಲೇ ಉಳಿಯಿತು, ನಾವೂ ಉಳಿಯಬೇಕಾಯಿತು. ಅತ್ತಿಗೆ ಏನೂ ಕೇಳದೆ ಎರಡು ರೊಟ್ಟಿ ಹೆಚ್ಚಿಗೆ ಬಡಿದಳು. ಊಟಕ್ಕೆ ಕೂತಾಗ ಅಣ್ಣ ನನ್ನ ಕಡೆ ಚಟ್ನಿ ಹಿಂಡಿಯ ಬಟ್ಟಲು ಸರಿಸಿ, "ಏನೋ ಅದು, ಎಷ್ಟ ಇಂಚಿಂದು?" ಎಂದು ಕೇಳಿದ. ಹೆಂಡತಿ ಮೂಡಲಗಿಯ ಕತೆಯನ್ನು ಅವನಿಗೆ ಮೊದಲೇ ಮುಟ್ಟಿಸಿದ್ದಳು.

ಮಂಗಳವಾರ ಬೆಳಿಗ್ಗೆ ಅವನು ಎತ್ತು ತಂದ. ನಾನು ಜೀಪು ಹತ್ತಲಿಲ್ಲ. ಸ್ಟೇರಿಂಗ್ ಹೆಂಡತಿಗೆ ಕೊಟ್ಟು, ಧೋತರ ಎತ್ತಿಕಟ್ಟಿ, ಹಿಂದೆ ನಿಂತು ನೂಕಿದೆ. ಗಾಲಿ ನನ್ನ ಮುಖದ ತುಂಬ ಕೆಸರು ಚಿಮ್ಮಿಸಿತು. ಜೀಪು ಮೇಲೆ ಬಂದ ಮೇಲೆ ಅಣ್ಣ ತಿರುಗಿ ನನ್ನನ್ನು ನೋಡಿದ, ಎತ್ತಿನ ಬೆನ್ನಿಗೆ ಕೈ ಊರಿ ಬಗ್ಗಿ ಬಗ್ಗಿ ನಕ್ಕ. ಆಮೇಲೆ ವಿಂಚಿನಿಂದಲೇ ಕಲ್ಲನ್ನು ಎಳೆದು ಇದ್ದಲಿಯ ಕುಣಿಗೆ ತಂದೆವು. "ಇರ್ಲಿ ಬಿಡೋ, ಇಷ್ಟ ವರ್ಷ ನೀನ ಬಿತ್ತಿ," ಎಂದ. "ಅಪ್ಪ ಇಟ್ಟಲ್ಲೇ ಇಡು," ಎಂದೆ. ಎದೆಮಟ್ಟ ಅಗೆದು ಹುಗಿದೆವು. ನನ್ನ ವಿಂಚ್ ಇಂದಿನ ತನಕ ಮಾಡಿದ ಕೆಲಸ ಅದೊಂದೇ.

ಊರಿಗೆ ಬರುತ್ತಿರುವಾಗ ನನ್ನ ವಿದ್ಯಾರ್ಥಿಯ ಫೋನ್ ಬಂತು.

"ಸರ, ಎಳೀತೇನ್ರಿ?"

"ಎಳೀತಪಾ."

"ಯಾವುದು ಬಂತ್ರಿ ಮತ್ತ, ಜೀಪೋ ಗೂಟೋ?"

"ಎರಡೂ ಅಲ್ಲೋ. ಸಡ್ಲ ಇದ್ದಾಂವ ನಾ, ನಾ ಬಂದೆ," ಎಂದೆ.

ಅವನಿಗೆ ತಿಳಿಯಲಿಲ್ಲ. "ಆಯಿಲ್ ಒಮ್ಮಿ ನೋಡ್ಕೋರಿ ಸರ," ಎಂದು ಫೋನ್ ಇಟ್ಟ.